ನೆಲದೊಳಗಿನ ಅದಿರಿಗೆ ಪಾಲು ಹಾಕುವ ಲೆಕ್ಕ

ನಮ್ಮ ಕಾಸರಗೋಡಿನವರಿಗೆ ನೆಲ ಕೊರೆಯುವ ಕೆಲಸ ಹೊಸದಲ್ಲ. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಸುರಂಗದ ಮೂಲಕ ತೋಟಕ್ಕೆ ನೀರು ತರುವ ವಿದ್ಯೆ ನಮ್ಮ ಹಿರಿಯರಿಗೆ ಕರಗತವಾಗಿತ್ತು. ಸುರಂಗ ತೋಡುವವನಿಗೆ ಬೇಕಾದುದು ನೀರು. ಹೊರಗೆ ಹಾಕಿದ ಮಣ್ಣನ್ನು ಅವನು ತೂಗುವುದಿಲ್ಲ. ಚಿನ್ನದ ಗಣಿಯಲ್ಲಿ ಹಾಗಲ್ಲ. ಅಲ್ಲಿ ಒಡೆದು ತೆಗೆಯುವ ಕಲ್ಲಿನಲ್ಲಿಯೇ ಸಂಪತ್ತು ಅಡಗಿದೆ. ಆದುದರಿಂದ ಯಾವ ಜಾಗದಿಂದ ಎಷ್ಟು ಟನ್ ಕಲ್ಲು ಬರುವುದೆಂಬುದನ್ನು ಸಿಡಿಮದ್ದು ಇಡುವ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿರುವ ಹಟ್ಟಿ ಚಿನ್ನದ ಗಣಿಯ ಹೆಸರನ್ನು ನೀವು ಕೇಳಿರಬಹುದು. 1947ರಲ್ಲಿ ಸ್ಥಾಪನೆಯಾದ ಈ ಗಣಿ ಕಂಪೆನಿ ಈಗ ಕರ್ನಾಟಕ ಸರಕಾರದ ಒಡೆತನದಲ್ಲಿದೆ. ಇಲ್ಲಿ ಚಿನ್ನವುಳ್ಳ ಅದಿರು ಕಲ್ಲಿನೊಳಗೆ ನಿಲ್ಲಿಸಿದ ಹಲಗೆಗಳಂತೆ, ಹೆಚ್ಚುಕಡಿಮೆ ಲಂಬವಾಗಿ ಆಳಕ್ಕೆ ಇಳಿದಿದೆ. ಇಂತಹ ಗಣಿಗಳಲ್ಲಿ ಮಹಡಿಗಳಂತೆ ಒಂದರ ಕೆಳಗೆ ಒಂದು ಮಟ್ಟಗಳಿರುತ್ತವೆ. ಎರಡು ಮಟ್ಟಗಳ ನಡುವೆ ಅದಿರನ್ನು ಒಡೆದು ತೆಗೆಯುವ ಜಾಗಕ್ಕೆ 'ಸ್ಟೋಪ್' ಎಂದು ಹೆಸರು.

ಒಂದು ಉದ್ದನೆಯ ಸ್ಟೋಪನ್ನು ಒಮ್ಮೆಲೇ ಬರಿದು ಮಾಡುವುದಿಲ್ಲ. ಪಾಲು ಮಾಡಿ ಒಂದೊಂದಾಗಿ ತೆಗೆಯುತ್ತಾರೆ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಮೇಲೆ ಅದಿರು ಅರೆಯುವ ಗಿರಣಿಗೆ ಪ್ರತಿ ತಿಂಗಳೂ ಸಮನಾಗಿ ಕಲ್ಲು ಒದಗಬೇಕು. ಎರಡನೆಯದು, ದೊಡ್ಡ ಪೊಳ್ಳು ಒಮ್ಮೆಲೇ ಉಂಟಾದರೆ ಅದರ ಗೋಡೆ ಕುಸಿದು ಕೆಲಸಗಾರರ ಪ್ರಾಣಕ್ಕೆ ಅಪಾಯವಾದೀತು.

ಪಾಲು ಮಾಡುವುದು ಹೇಗೆ? ತೂಕದ ಸೂತ್ರ ಸುಲಭ: ಉದ್ದ, ಎತ್ತರ, ದಪ್ಪಗಳನ್ನು ಗುಣಿಸಿ, ಬಂದುದನ್ನು ಒಂದು ಘನ ಮೀಟರ್ ಕಲ್ಲಿನ ತೂಕದಿಂದ ಗುಣಿಸಬೇಕು. ಈ ತೂಕ 2.8 ಟನ್ ಎಂದಿಟ್ಟುಕೊಳ್ಳೋಣ. ಸ್ಟೋಪಿನ ಎತ್ತರ 30 ಮೀಟರ್, ಅದಿರಿನ ದಪ್ಪ 3 ಮೀಟರ್ ಇದ್ದರೆ, 12 ಮೀಟರ್ ಉದ್ದದ ಪಾಲಿನಲ್ಲಿ 3,024 ಟನ್ ಅದಿರು ಸಿಗುತ್ತದೆ.

ಆದರೆ ಅದಿರು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಸೋರೆಕಾಯಿಯನ್ನು ಸಮ ಉದ್ದದ ತುಂಡುಗಳಾಗಿ ಕೊಯ್ದರೆ ತೊಟ್ಟಿನ ಕಡೆಯ ತುಂಡು ಹಗುರ, ಹೊಟ್ಟೆಯ ಕಡೆಯದು ಭಾರ ಆಗುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಅದೇ 3,024 ಟನ್ ಬರಬೇಕಾದರೆ, 2 ಮೀಟರ್ ದಪ್ಪವಿರುವಲ್ಲಿ 18 ಮೀಟರ್ ಉದ್ದ ಬೇಕು. 4 ಮೀಟರ್ ದಪ್ಪವಿರುವಲ್ಲಿ 9 ಮೀಟರ್ ಸಾಕು.

ಈ ಕೆಲಸವನ್ನು ಈಗ ಗಣಕಯಂತ್ರದ ತಂತ್ರಾಂಶಗಳು ಮಾಡುತ್ತವೆ. ನೆಲವನ್ನು ಕೊರೆದು ತೆಗೆದ ಕಲ್ಲಿನ ಮಾದರಿಗಳ ಆಧಾರದಿಂದ ಅದಿರಿನ ಆಕಾರವನ್ನು ಯಂತ್ರದೊಳಗೆ ರೂಪಿಸುತ್ತಾರೆ. ತಂತ್ರಾಂಶವು ಅದನ್ನು ತೆಳುವಾದ ಹೋಳುಗಳಾಗಿ ಸೀಳಿ, ಒಂದೊಂದು ಹೋಳಿನ ತೂಕವನ್ನು ಕೂಡಿಸುತ್ತಾ ಹೋಗುತ್ತದೆ. ಮೊತ್ತ ಗುರಿ ಮುಟ್ಟಿದೊಡನೆ ಅಲ್ಲಿ ಗಡಿ ಹಾಕಿ, ಮುಂದಿನ ಪಾಲನ್ನು ಸೊನ್ನೆಯಿಂದ ಆರಂಭಿಸುತ್ತದೆ. ಪ್ರತಿ ಪಾಲಿನಲ್ಲಿ ಟನ್ನಿಗೆ ಎಷ್ಟು ಗ್ರಾಂ ಚಿನ್ನವಿದೆ ಎಂಬುದನ್ನೂ ತಿಳಿಸುತ್ತದೆ.

ಕೊನೆಗೆ ಶೇಷ ಉಳಿದರೇನು ಗತಿ? ಒಟ್ಟು 16,000 ಟನ್ ಅದಿರನ್ನು 3,000 ಟನ್ನಿನಂತೆ ಹಂಚಿದರೆ ಐದು ಪಾಲುಗಳಾಗಿ 1,000 ಟನ್ ಉಳಿಯುತ್ತದೆ. ಅಷ್ಟಕ್ಕಾಗಿ ಬೇರೆ ಪಾಲು ಮಾಡುವುದು ನಷ್ಟದ ಕೆಲಸ. ಗುರಿಯನ್ನೇ 3,200 ಟನ್ನಿಗೆ ಏರಿಸಿದರೆ ಐದು ಪಾಲುಗಳೂ ಸಮನಾಗುತ್ತವೆ. ನೀವು ತರಗತಿಯಲ್ಲಿ ಕಲಿಯುವ ಭಾಗಾಕಾರವೇ ಇದು!

ಆದರೆ ಒಂದು ಮಾತನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ತೂಕ ಸಮನಾದ ಮಾತ್ರಕ್ಕೆ ಅಪಾಯ ಸಮನಾಗುವುದಿಲ್ಲ. 9 ಮೀಟರ್ ಉದ್ದದ ಪಾಲನ್ನು ತೆಗೆದಾಗ ಒಂದು ಬದಿಯಲ್ಲಿ 270 ಚದರ ಮೀಟರ್ ಗೋಡೆ ಆಸರೆಯಿಲ್ಲದೆ ನಿಲ್ಲುತ್ತದೆ. 18 ಮೀಟರಿನದರಲ್ಲಿ 540 ಚದರ ಮೀಟರ್, ಅಂದರೆ ಎರಡರಷ್ಟು. ಅಲ್ಲಿನ ಕಲ್ಲು 15 ಮೀಟರಿಗಿಂತ ಹೆಚ್ಚು ತಾಳದು ಎಂದು ಇಂಜಿನಿಯರರು ಕಂಡುಕೊಂಡರೆ, 2,520 ಟನ್ನಿಗೇ ತೃಪ್ತಿಪಡಬೇಕು. ಈ ಮಿತಿಯನ್ನು ಯಂತ್ರಕ್ಕೆ ಮೊದಲೇ ತಿಳಿಸಬೇಕಾದವನು ಮನುಷ್ಯ.

ಇದು ಬರಿಯ ಕಾಗದದ ಮಾತಲ್ಲ. 1880ರಿಂದ 2001ರವರೆಗೆ ನಡೆದ ಕೋಲಾರದ ಚಿನ್ನದ ಗಣಿಗಳು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದುವು. ಅದಿರು ತೆಗೆದಂತೆಲ್ಲ ಉಳಿದ ಬಂಡೆಯ ಮೇಲೆ ಒತ್ತಡ ಹೆಚ್ಚಿ, ಅದು ಸಿಡಿಲಿನಂತೆ ಸಿಡಿಯುತ್ತಿತ್ತು. ಈ ಶಿಲಾಸ್ಫೋಟಗಳಿಗೆ ಅನೇಕ ಕಾರ್ಮಿಕರು ಬಲಿಯಾದರು. ಬರಿದಾದ ಜಾಗಗಳಿಗೆ ಕಲ್ಲಿನ ಆಸರೆ ಕಟ್ಟಿ ಒತ್ತಡವನ್ನು ತಡೆಯಲು ಅಲ್ಲಿ ಬಹಳ ಶ್ರಮಿಸಿದರು.

ಗಣಿಯಿಂದ ಎಷ್ಟು ತೆಗೆಯಬಹುದು ಎಂಬ ಲೆಕ್ಕದಷ್ಟೇ, ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕವೂ ಮುಖ್ಯ. ಕೆಳಗೆ ಇಳಿದ ಕಾರ್ಮಿಕನು ಸಂಜೆ ಮನೆಗೆ ಮರಳುವುದು ಈ ಎರಡನೆಯ ಲೆಕ್ಕದಿಂದಲೇ ಎಂಬುದನ್ನು ನಾವು ಮರೆಯಬಾರದು.