ಕೀಟ ಕಚ್ಚಿದರೆ ಮನೆಮದ್ದು, ಜ್ವರ ಬಂದರೆ ವೈದ್ಯರು

ದೇಹವನ್ನು ದೇವಾಲಯವೆಂದು ಬಗೆದ ಶರಣ ಪರಂಪರೆಯವರಾದ ನಮಗೆ ಅದರ ರಕ್ಷಣೆಯೂ ಶಿವಪೂಜೆಯ ಅಂಗವೇ ಸರಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಗದ್ದೆ, ತೋಟ, ಹಟ್ಟಿಗಳಲ್ಲಿ ಕಾಯಕನಿರತರಾದ ಸದ್ಭಕ್ತರಿಗೆ ಸೊಳ್ಳೆ, ಇರುವೆ, ಉಣುಗುಗಳ ಕಡಿತವು ಹೊಸತಲ್ಲ.

ಸೊಳ್ಳೆಯು ರಕ್ತ ಹೀರುವಾಗ ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ಅದನ್ನೆದುರಿಸಲು ದೇಹವು ಹಿಸ್ಟಮಿನ್ ಎಂಬ ದ್ರವ್ಯವನ್ನು ಸ್ರವಿಸುತ್ತದೆ. ತುರಿಕೆಯೂ ಬಾವೂ ಅದರ ಫಲ. ಕೆರೆದಷ್ಟೂ ತುರಿಕೆ ಬೆಳೆಯುತ್ತದೆ. ಉಗುರಿನ ಕೊಳೆ ಸೇರಿ ಹುಣ್ಣಾಗುತ್ತದೆ. ಮಕ್ಕಳಲ್ಲಿ ಇಂತಹ ಕೀವುಹುಣ್ಣು ಕೆಲವೊಮ್ಮೆ ಮೂತ್ರಪಿಂಡಕ್ಕೂ ಬಾಧೆ ತರುವುದುಂಟು. ಆದಕಾರಣ ಮಕ್ಕಳ ಉಗುರು ಕತ್ತರಿಸುವುದೇ ಮೊದಲ ಮನೆಮದ್ದು.

ಕಚ್ಚಿದ ಜಾಗವನ್ನು ಸಾಬೂನಿನಿಂದ ತೊಳೆದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು 10 ನಿಮಿಷ ಇಡಬೇಕು. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಲೇಪಿಸಿ, ತುಸು ಹೊತ್ತಿನ ಬಳಿಕ ತೊಳೆಯುವುದೂ ಹಿತಕರ. ಲೋಳೆಸರದ ಹಳದಿ ರಸವನ್ನು ತೊಳೆದು ಬಿಳಿಯ ತಿರುಳನ್ನು ಮಾತ್ರ ಹಚ್ಚಬೇಕು. ಜೇನ್ನೊಣದ ಮುಳ್ಳನ್ನು ತಡಮಾಡದೆ ತೆಗೆಯಬೇಕು. ಸುಣ್ಣ ಹಚ್ಚುವ ರೂಢಿ ಬೇಡ. ಅದು ಚರ್ಮವನ್ನು ಸುಡುತ್ತದೆ. ವಿಭೂತಿಯು ಹಣೆಗೆ ಭೂಷಣ. ಒಡೆದ ಗಾಯಕ್ಕೆ ಅದನ್ನು ತುಂಬಬಾರದು. ಹೀಗೆಂದರೆ ವಿಭೂತಿಯ ಮಹಿಮೆಗೆ ಕುಂದಿಲ್ಲ.

ಉಣುಗಿನ ವಿಚಾರ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗಿನಿಂದ ಹರಡುತ್ತದೆ. ಘಟ್ಟದ ಬುಡದಲ್ಲಿರುವ ಕೊಲ್ಲೂರು, ಹೊಸಂಗಡಿ, ಅಮಾಸೆಬೈಲು ಕಡೆಯ ಕಾಡಿಗೆ ಸೊಪ್ಪು, ತರಗೆಲೆ ತರಲು ಹೋಗುವವರು ನವೆಂಬರಿನಿಂದ ಮೇವರೆಗೆ ವಿಶೇಷ ಎಚ್ಚರದಿಂದಿರಬೇಕು. ಮೈಮುಚ್ಚುವ ಬಟ್ಟೆ ತೊಟ್ಟು, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಮೈಯನ್ನು ಪರೀಕ್ಷಿಸಬೇಕು. ಅಂಟಿದ ಉಣುಗಿಗೆ ಸೀಮೆಎಣ್ಣೆ, ಬೆಂಕಿ ತಾಗಿಸದೆ, ಚಿಮುಟದಿಂದ ಚರ್ಮದ ಸಮೀಪವೇ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಕಾಡಿನಲ್ಲಿ ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಕಚ್ಚಿದ ಕೆಲವು ದಿನಗಳಲ್ಲಿ ಏಕಾಏಕಿ ಜ್ವರ, ತೀವ್ರ ತಲೆನೋವು, ಮೈಕೈನೋವು ಬಂದರೆ ಕಷಾಯ ಕುಡಿಯುತ್ತ ದಿನ ದೂಡಲಾಗದು. ಆ ದಿನವೇ ವೈದ್ಯರಲ್ಲಿಗೆ ಹೋಗಿ, ಕಾಡಿಗೆ ಹೋದ ಸಂಗತಿಯನ್ನೂ ಅರುಹಬೇಕು. ಕಚ್ಚಿದ ಬಳಿಕ ಉಸಿರುಕಟ್ಟಿದರೆ, ಮುಖ, ನಾಲಗೆ ಬಾತುಕೊಂಡರೆ ಒಂದು ಗಳಿಗೆಯೂ ತಡ ಸಲ್ಲದು.

ಮನೆಮದ್ದು ಅಜ್ಜಿಯರು ಕೊಟ್ಟ ವರ. ಅದು ತುರಿಕೆಯನ್ನು ತಣಿಸುತ್ತದೆ, ರೋಗವನ್ನು ತಡೆಯಲಾರದು. ಈ ಎರಡರ ಅಂತರವನ್ನು ಅರಿತ ಮನೆಯೇ ಆರೋಗ್ಯವಂತ ಮನೆ.