ಓಪನ್ ಸೋರ್ಸ್ ಸಾಫ್ಟ್‌ವೇರ್ ಉಚಿತ ನಿಜ, ಆದರೆ ಅದನ್ನು ನೋಡಿಕೊಳ್ಳುವ ಖರ್ಚು ಯಾರದು?

“ಓಪನ್ ಸೋರ್ಸ್ ಸಾಫ್ಟ್‌ವೇರ್ ಅತ್ಯಂತ ಸುರಕ್ಷಿತ, ಸಾವಿರಾರು ಪರಿಣತರು ಅದನ್ನು ಸದಾ ಪರೀಕ್ಷಿಸುತ್ತಿರುತ್ತಾರೆ” ಎಂಬ ಮಾತನ್ನು ನೀವು ಕೇಳಿರಬಹುದು. ಇದು ಅರ್ಧ ಸತ್ಯ. ಯಾರು ಬೇಕಾದರೂ ಪರೀಕ್ಷಿಸಬಹುದು ಎಂದ ಮಾತ್ರಕ್ಕೆ ಯಾರೋ ಪರೀಕ್ಷಿಸುತ್ತಿದ್ದಾರೆ ಎಂದಲ್ಲ.

ಓಪನ್ ಸೋರ್ಸ್ ಎಂದರೇನು?
ಇಂಥ ಸಾಫ್ಟ್‌ವೇರ್‌ನ ಕೋಡ್ ಅನ್ನು ಯಾರು ಬೇಕಾದರೂ ನೋಡಬಹುದು, ಬಳಸಬಹುದು, ತಿದ್ದಬಹುದು. ನಿಮ್ಮ ಆಂಡ್ರಾಯ್ಡ್ ಫೋನಿನೊಳಗಿನ ಲಿನಕ್ಸ್ ಕರ್ನಲ್ ಇದಕ್ಕೆ ಉದಾಹರಣೆ. ಕೋಟಿಗಟ್ಟಲೆ ಲಾಭ ಮಾಡುವ ಕಂಪನಿಗಳೂ ಇದನ್ನು ಹಣ ಕೊಡದೆ ಬಳಸಬಹುದು.

2014ರಲ್ಲಿ ಏನಾಯಿತು?
ನಾವು ಟೈಪ್ ಮಾಡುವ ಪಾಸ್‌ವರ್ಡ್ ದಾರಿಯಲ್ಲಿ ಬೇರೆಯವರ ಕಣ್ಣಿಗೆ ಬೀಳದಂತೆ ಕಾಪಾಡುವ ಸಾಫ್ಟ್‌ವೇರ್‌ಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಮುಖ್ಯವಾದದ್ದು. 2014ರ ಏಪ್ರಿಲ್‌ನಲ್ಲಿ ಅದರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾಯಿತು. ಎರಡಕ್ಷರದ ಪದ ಕಳಿಸಿ “ಇದರಲ್ಲಿ 60,000 ಅಕ್ಷರಗಳಿವೆ, ವಾಪಸ್ ಕಳಿಸು” ಎಂದರೆ, ಸರ್ವರ್ ಎಣಿಸಿ ನೋಡದೆ ತನ್ನ ಮೆಮೊರಿಯಲ್ಲಿದ್ದ ಬೇರೆಯವರ ಮಾಹಿತಿಯನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. ಈ ತಪ್ಪು ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಗ ಓಪನ್‌ಎಸ್‌ಎಸ್‌ಎಲ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ಅನಾಹುತದ ನಂತರವೇ ಗೂಗಲ್, ಮೈಕ್ರೋಸಾಫ್ಟ್, ಅಮೆಜಾನ್, ಫೇಸ್‌ಬುಕ್ ಮುಂತಾದ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಇಂಥ ಯೋಜನೆಗಳಿಗೆ ಹಣ ಕೊಡಲು ಒಪ್ಪಿದವು.

ಅಷ್ಟಕ್ಕೆ ಸಮಸ್ಯೆ ಮುಗಿಯಿತೇ?
ಇಲ್ಲ. ಎಕ್ಸ್‌ಝಡ್ ಎಂಬ ಸಾಫ್ಟ್‌ವೇರ್ ಅನ್ನು ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದ, ಕೆಲಸದ ಭಾರದಿಂದ ಬಳಲಿದ್ದ ಒಬ್ಬ ಸ್ವಯಂಸೇವಕರು. “ಸಹಾಯ ಮಾಡುತ್ತೇನೆ” ಎಂದು ಬಂದ ವ್ಯಕ್ತಿ ವರ್ಷಗಳ ಕಾಲ ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳದಾರಿ ಇಟ್ಟ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಮೈಕ್ರೋಸಾಫ್ಟ್‌ನ ಎಂಜಿನಿಯರ್ ಒಬ್ಬರು ಗಮನಿಸಿದ್ದರಿಂದ ಅದು ಸಿಕ್ಕಿಬಿತ್ತು.

ಕಂಪನಿಗಳ ಹೊಣೆ ಏನು?
ಓಪನ್ ಸೋರ್ಸ್ ಲೈಸೆನ್ಸ್‌ಗಳು ಹಣ ಕೊಡಲೇಬೇಕು ಎನ್ನುವುದಿಲ್ಲ. ಆದರೆ ಊರಿನ ಕೆರೆ ನೀರಿನಿಂದ ವ್ಯಾಪಾರ ಮಾಡುವವರು ಹೂಳೆತ್ತಲು ಕೈಜೋಡಿಸದಿದ್ದರೆ ಕೊನೆಗೆ ಎಲ್ಲರಿಗೂ ನಷ್ಟ. ಅನಾಹುತಕ್ಕೆ ಮೊದಲೇ ನಿಯಮಿತವಾಗಿ ಹಣ ಕೊಡುವುದು, ಎಂಜಿನಿಯರ್‌ಗಳ ಸಮಯ ಕೊಡುವುದು, ದೋಷ ಕಂಡರೆ ಪರಿಹಾರದ ಕೋಡ್ ಸಹಿತ ತಿಳಿಸುವುದು: ಇವು ಅವು ಮಾಡಬಹುದಾದ ಕೆಲಸಗಳು. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದು, 2027ರ ಡಿಸೆಂಬರ್‌ನಿಂದ ಪೂರ್ಣವಾಗಿ ಅನ್ವಯವಾಗುವ ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಆಕ್ಟ್, ಉತ್ಪನ್ನದಲ್ಲಿ ಬಳಸಿದ ಓಪನ್ ಸೋರ್ಸ್ ಭಾಗಗಳ ಬಗ್ಗೆಯೂ ಎಚ್ಚರ ವಹಿಸುವುದನ್ನು ತಯಾರಕರ ಹೊಣೆಯಾಗಿಸಿದೆ. ಆದರೆ ಸ್ವಯಂಸೇವಕರಿಗೆ ಹಣ ಕೊಡಿ ಎಂದು ಅದೂ ಹೇಳುವುದಿಲ್ಲ.

ನೀವೇನು ಮಾಡಬಹುದು?
ಫೋನಿನ ಸೆಕ್ಯುರಿಟಿ ಅಪ್‌ಡೇಟ್ ಬಂದಾಗ ಮುಂದೂಡಬೇಡಿ. ಇಂಥ ದೋಷಗಳ ಪರಿಹಾರ ನಿಮ್ಮನ್ನು ತಲುಪುವುದು ಅದರ ಮೂಲಕವೇ. “ಓಪನ್ ಸೋರ್ಸ್, ಹಾಗಾಗಿ ಸುರಕ್ಷಿತ” ಎಂಬ ಫಾರ್ವರ್ಡ್ ಬಂದರೆ, “ಅದನ್ನು ನೋಡಿಕೊಳ್ಳುತ್ತಿರುವವರು ಯಾರು?” ಎಂದು ಕೇಳಿ.