ನಿಯಮ ಬರೆಯುವವರ ಕಸುಬು

ಚೌಕಾಬಾರ ಆಡಿದವರಿಗೆಲ್ಲ ಗೊತ್ತಿರುವ ಒಂದು ನಿಯಮವಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ನಿಮ್ಮ ಕಾಯಿ ಒಳಸುತ್ತಿಗೆ ಇಳಿಯುವಂತಿಲ್ಲ. ಕಟ್ಟೆಯಿಂದ ಕಟ್ಟೆಗೆ ಹಾರುತ್ತ, ಯಾರ ತಂಟೆಗೂ ಹೋಗದೆ ಹಣ್ಣಾಗಿಬಿಡೋಣ ಎಂದುಕೊಂಡವರು ಹೊರಸುತ್ತಿನಲ್ಲೇ ಸುತ್ತುತ್ತಿರಬೇಕು. ಆ ನಿಯಮವನ್ನು ತೆಗೆದು ಒಮ್ಮೆ ಆಡಿ ನೋಡಿ. ಅದೇ ಮನೆ, ಅದೇ ಕವಡೆ, ಆದರೆ ಜಗಲಿಯ ಕೂಗಾಟವೆಲ್ಲ ಅಡಗಿಹೋಗುತ್ತದೆ. ಎಲ್ಲರೂ ತಮ್ಮ ತಮ್ಮ ಕಾಯಿ ನಡೆಸಿಕೊಂಡು ಹೋಗುತ್ತಾರೆ, ಗರ ಯಾರಿಗೆ ಒಲಿಯಿತೋ ಅವರು ಗೆಲ್ಲುತ್ತಾರೆ. ಆಟ ಸಪ್ಪೆಯಾಗುತ್ತಿರುವುದನ್ನು ಕಂಡ ಯಾರೋ ಒಬ್ಬರು ಎಂದೋ ಈ ಷರತ್ತನ್ನು ಸೇರಿಸಿರಬೇಕು. ಅವರು ಮಾಡಿದ ಕೆಲಸವನ್ನೇ ಇವತ್ತು ಗೇಮ್ ಡಿಸೈನ್ ಎನ್ನುತ್ತಾರೆ.

ಈಗ ಗೇಮ್ ಎಂದರೆ ಕಣ್ಣಿಗೆ ಬರುವುದು ಊಟ ಮರೆತು ಮೊಬೈಲ್ ಹಿಡಿದ ಮಗು, ಇಲ್ಲವೇ ರಮ್ಮಿ ಆಪ್‌ನಲ್ಲಿ ಹಣ ಕಳೆದುಕೊಂಡು ಸಾಲಕ್ಕೆ ಬಿದ್ದ ಯುವಕ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಪಣವಿಲ್ಲದ ಸಾಮಾಜಿಕ ಮತ್ತು ಶೈಕ್ಷಣಿಕ ಆಟಗಳಿಗೆ ಉತ್ತೇಜನ ಕೊಡುವ ಮಾತೂ ಅದೇ ಕಾಯ್ದೆಯಲ್ಲಿದೆ. ನಿಷೇಧ ದೊಡ್ಡ ಸುದ್ದಿಯಾಯಿತು, ಉತ್ತೇಜನದ ಬಗ್ಗೆ ಮಾತು ಇನ್ನೂ ಶುರುವಾಗಬೇಕಿದೆ.

ಈ ಕಸುಬಿಗೆ ಕಂಪ್ಯೂಟರ್ ಬೇಕೇಬೇಕೆಂದಿಲ್ಲ. ನುರಿತವರೂ ಮೊದಲು ಕಾಗದ, ಪೆನ್ಸಿಲ್, ದಾಳ, ಅಂಗಿಯ ಗುಂಡಿಗಳಿಂದ ಕಚ್ಚಾ ಆಟ ಕಟ್ಟುತ್ತಾರೆ. ಆಮೇಲೆ ಪ್ಲೇಟೆಸ್ಟ್. ಆಟದ ಪರಿಚಯವಿಲ್ಲದ ನಾಲ್ವರನ್ನು ಕೂರಿಸಿ, ಕಟ್ಟಿದವರು ತುಟಿ ಬಿಚ್ಚದೆ ನೋಡುತ್ತಾರೆ. ಯಾವಾಗ ಕೈ ತಡವರಿಸಿತು, ಯಾರು ಬೇಸರದಿಂದ ಕಿಟಕಿ ಕಡೆ ನೋಡಿದರು, ಯಾವ ಗಳಿಗೆಯಲ್ಲಿ ನಾಲ್ವರೂ ಹಲಗೆಯ ಮೇಲೆ ಬಗ್ಗಿದರು ಎಂದು ಬರೆದುಕೊಳ್ಳುತ್ತಾರೆ. ಒಂದು ನಿಯಮ ಬದಲಿಸಿ ಮತ್ತೆ ಆಡಿಸುತ್ತಾರೆ. ಕಟ್ಟುವವರು ಬರೆಯಬಹುದಾದದ್ದು ನಿಯಮವನ್ನಷ್ಟೇ. ನಿಯಮದಿಂದ ಆಡುವವರ ನಡೆ ಹುಟ್ಟುತ್ತದೆ, ಆ ನಡೆಯಿಂದ ಸಂತೋಷ, ಸಿಟ್ಟು, ಭಯ, ಕಲಿಕೆ. ಆಟದಿಂದ ಪಾಠ ಹೇಳಬೇಕೆನ್ನುವವರೂ ಸಾಬೂನು ಮಾರಬೇಕೆನ್ನುವವರೂ ಈ ದಾರಿಯಲ್ಲೇ ಬರಬೇಕು.

ಇದನ್ನು ಚೆನ್ನಾಗಿ ಅರಿತಿದ್ದವರು ಅಮೆರಿಕದ ಲಿಜ್ಜಿ ಮ್ಯಾಗಿ. 1866ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ, ಶೀಘ್ರಲಿಪಿಯಿಂದ ಜೀವನ ಸಾಗಿಸುತ್ತಿದ್ದ ಹೆಣ್ಣುಮಗಳು. ಹೆನ್ರಿ ಜಾರ್ಜ್ ಎಂಬ ಅರ್ಥಚಿಂತಕನ ವಿಚಾರಗಳನ್ನು ಮನಸಾರೆ ನಂಬಿದ್ದರು. ಊರು ಬೆಳೆದಂತೆ ಜಮೀನಿನ ಬೆಲೆ ಏರುತ್ತದೆ, ಆ ಏರಿಕೆ ಊರವರೆಲ್ಲರ ದುಡಿಮೆಯ ಫಲ, ಆದರೆ ಗಂಟು ಸೇರುವುದು ಜಮೀನಿನ ಒಡೆಯನ ಪೆಟ್ಟಿಗೆಗೆ. ಆದ್ದರಿಂದ ನೆಲದ ಮೌಲ್ಯಕ್ಕೆ ತೆರಿಗೆ ಹಾಕಿ ಅದನ್ನು ಸಮಾಜಕ್ಕೆ ಮರಳಿಸಬೇಕು ಎಂಬುದು ಜಾರ್ಜ್ ವಾದ. ಭಾಷಣ ಮಾಡಿದರೆ ಕೇಳುವವರು ಎಷ್ಟು ಮಂದಿ? ಮ್ಯಾಗಿ ಒಂದು ಆಟ ಕಟ್ಟಿದರು. ಹೆಸರು ‘ಲ್ಯಾಂಡ್‌ಲಾರ್ಡ್ಸ್ ಗೇಮ್’. 1904ರ ಜನವರಿಯಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಚೌಕದ ಅಂಚಿನಲ್ಲಿ ಸುತ್ತುವ ದಾರಿ, ಕೊಳ್ಳಬಹುದಾದ ನಿವೇಶನಗಳು, ಬಾಡಿಗೆ, ರೈಲು ಮಾರ್ಗ, ಮೂಲೆಯಲ್ಲಿ ಸೆರೆಮನೆ. ಒಂದು ಸುತ್ತು ಮುಗಿಸಿದವರಿಗೆ ಭೂತಾಯಿಯ ಮೇಲೆ ದುಡಿದ ಕೂಲಿಯಾಗಿ 100 ಡಾಲರ್.

ಆ ಆಟವನ್ನು ಎರಡು ಬಗೆಯಲ್ಲಿ ಆಡಬಹುದಿತ್ತು. ಒಂದು ಬಗೆಯಲ್ಲಿ ಉಳಿದವರನ್ನೆಲ್ಲ ದಿವಾಳಿ ಎಬ್ಬಿಸಿದವರು ಗೆದ್ದಂತೆ. ಇನ್ನೊಂದು ಬಗೆಯಲ್ಲಿ ನೆಲದ ಬಾಡಿಗೆ ಎಲ್ಲರ ಬೊಕ್ಕಸಕ್ಕೆ ಹೋಗಿ, ಸಂಪತ್ತು ಎಲ್ಲರಲ್ಲೂ ಬೆಳೆಯುತ್ತಿತ್ತು. ಹಲಗೆ ಅದೇ, ದಾಳ ಅದೇ, ಎದುರು ಕೂತ ಅಣ್ಣತಂಗಿಯರೂ ಅವರೇ. ಆದರೂ ಮೊದಲ ಬಗೆಯಲ್ಲಿ ಆಡುವಾಗ ಮನೆಯ ಮೆದು ಮನಸ್ಸಿನವರು ಕೂಡ ಬಾಡಿಗೆಗೆ ಪೀಡಿಸತೊಡಗುತ್ತಾರೆ. ಕ್ರೌರ್ಯ ಮನುಷ್ಯರಲ್ಲಿಲ್ಲ, ನಿಯಮದಲ್ಲಿದೆ ಎಂಬುದನ್ನು ಒಂದು ಸಂಜೆಯಲ್ಲಿ ಮೈಗೆ ತಾಕಿಸುವ ಇಷ್ಟು ಸ್ಪಷ್ಟವಾದ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆಟ ಕೈಯಿಂದ ಕೈಗೆ ಹರಡಿತು. ಕಾಲೇಜುಗಳಲ್ಲಿ ಆಡಿದರು, ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ತಮ್ಮ ಬೀದಿಗಳ ಹೆಸರು ಹಾಕಿಕೊಂಡರು. ಹಾಗೆ ಅದು ಚಾರ್ಲ್ಸ್ ಡಾರೋ ಎಂಬಾತನ ಕೈಗೆ ಬಂತು. ಅವನು ಅದನ್ನು ತನ್ನದೆಂದು ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದ. 1935ರಲ್ಲಿ ಅದು ‘ಮೊನಾಪಲಿ’ ಎಂದು ಮಾರುಕಟ್ಟೆಗೆ ಇಳಿಯಿತು. ಡಾರೋ ಶ್ರೀಮಂತನಾದ. ಮ್ಯಾಗಿಯ ಪೇಟೆಂಟ್ ಅನ್ನು ಕಂಪನಿ 500 ಡಾಲರ್‌ಗೆ ಕೊಂಡಿತು, ರಾಯಧನವಿಲ್ಲ. ಎರಡನೆಯ ಬಗೆಯ ನಿಯಮಗಳು ಮರೆಯಾದವು. ನಮ್ಮ ಮನೆಗಳಲ್ಲಿ ಮಕ್ಕಳು ‘ಬಿಸಿನೆಸ್’ ಎಂದು ಬೇಸಿಗೆ ರಜೆ ಪೂರ್ತಿ ಆಡಿದ್ದು ಉಳಿದ ಆ ಅರ್ಧವನ್ನೇ. 1970ರ ದಶಕದಲ್ಲಿ ‘ಆ್ಯಂಟಿ ಮೊನಾಪಲಿ’ ಎಂಬ ಆಟ ತಂದ ಅರ್ಥಶಾಸ್ತ್ರದ ಪ್ರಾಧ್ಯಾಪಕ ರಾಲ್ಫ್ ಆನ್‌ಸ್ಪ್ಯಾಕ್ ಮೊನಾಪಲಿಯ ಕಂಪನಿಯೊಡನೆ ಕಾನೂನು ವ್ಯಾಜ್ಯಕ್ಕೆ ಇಳಿಯಬೇಕಾಯಿತು. ಅವರು ಹಳೆಯ ಪೇಟೆಂಟ್‌ಗಳನ್ನು ಕೆದಕಿದ್ದರಿಂದ ಮ್ಯಾಗಿಯ ಹೆಸರು ಮತ್ತೆ ಬೆಳಕಿಗೆ ಬಂತು. ಕಾದಂಬರಿಯ ಮೇಲೆ ಬರೆದವರ ಹೆಸರಿರುತ್ತದೆ. ಆಟದ ಡಬ್ಬಿಯ ಮೇಲೂ ಇರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮಾರುಕಟ್ಟೆಗೆ ಬರೋಣ. ಮೆಕ್‌ಡೊನಾಲ್ಡ್ಸ್ 1987ರಲ್ಲಿ ಅಮೆರಿಕದಲ್ಲಿ ಇದೇ ಮೊನಾಪಲಿಯನ್ನು ತಿಂಡಿಯ ಪೊಟ್ಟಣಗಳಿಗೆ ಅಂಟಿಸಿತು. ಒಂದೇ ಬಣ್ಣದ ನಿವೇಶನಗಳ ಚೀಟಿಗಳೆಲ್ಲ ಸೇರಿದರೆ ಬಹುಮಾನ. ಒಂದನ್ನು ಬಿಟ್ಟು ಉಳಿದ ಚೀಟಿಗಳು ಎಲ್ಲೆಡೆ ಸಿಗುತ್ತವೆ, ಆ ಒಂದು ಬಲು ಅಪರೂಪ. ಆದ್ದರಿಂದ ಇನ್ನೊಂದೇ ಬಾಕಿ ಎನ್ನುವ ಸ್ಥಿತಿಯಲ್ಲೇ ಎಲ್ಲರೂ ನಿಂತಿರುತ್ತಾರೆ. 2019ರ ದೀಪಾವಳಿಯಲ್ಲಿ ನಾವೂ ಅದನ್ನು ಅನುಭವಿಸಿದೆವು. ಗೂಗಲ್ ಪೇ ಕೊಟ್ಟ ಹಣತೆ, ಹೂವು, ಜುಮಕಿ, ಗೂಡುದೀಪ, ರಂಗೋಲಿ ಎಂಬ ಐದು ಸ್ಟ್ಯಾಂಪ್ ಕೂಡಿಸಿದರೆ 251 ರೂಪಾಯಿ. ರಂಗೋಲಿ ಸಿಗಲೊಲ್ಲದು. ಮನೆಮಂದಿಯ ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ರಂಗೋಲಿ ಇದ್ದವರು ಕೊಡಿ ಎಂಬ ಮೊರೆ. ಹಾಗೆ ಕೇಳಿದ ಪ್ರತಿಯೊಬ್ಬರೂ ಆ ಆಪ್‌ಗೆ ಸಂಬಳವಿಲ್ಲದ ಪ್ರಚಾರಕರಾಗಿದ್ದರು. ಇದರಲ್ಲಿ ಜಾಣತನವಿದೆ. ಆದರೆ ಹಬ್ಬ ಮುಗಿದ ಮೇಲೆ ಆಡಿದವರಲ್ಲಿ ಏನು ಉಳಿಯಿತು ಎಂದು ಕೇಳಿಕೊಂಡಾಗ ನನಗೆ ತೃಪ್ತಿಯ ಉತ್ತರ ಸಿಗುವುದಿಲ್ಲ.

ಅದೇ ಅದೃಷ್ಟದ ಎಳೆಯನ್ನು ಊರಿನ ಕೆಲಸಕ್ಕೆ ಹಚ್ಚಿದ ಉದಾಹರಣೆ ಬೆಂಗಳೂರಿನದೇ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು 2008ರ ಅಕ್ಟೋಬರ್‌ನಿಂದ 2009ರ ಏಪ್ರಿಲ್‌ವರೆಗೆ ಇನ್ಫೋಸಿಸ್‌ನ ಬೆಂಗಳೂರು ಕಚೇರಿಯಲ್ಲಿ ‘ಇನ್‌ಸ್ಟಂಟ್’ ಎಂಬ ಪ್ರಯೋಗ ನಡೆಸಿದರು. ಸುಮಾರು 14,000 ಉದ್ಯೋಗಿಗಳು ಅದರ ವ್ಯಾಪ್ತಿಯಲ್ಲಿದ್ದರು. ಬೆಳಿಗ್ಗೆ ವಾಹನ ದಟ್ಟಣೆ ಶುರುವಾಗುವ ಮುಂಚೆ ಬಂದವರಿಗೆ ಅಂಕ, ಆ ಅಂಕದ ಮೇಲೆ ವಾರಕ್ಕೊಮ್ಮೆ ಚೀಟಿ ಎತ್ತಿ ನಗದು ಬಹುಮಾನ. ಅಷ್ಟೇ ಹಣವನ್ನು ಎಲ್ಲರಿಗೂ ಸಮನಾಗಿ ಹಂಚಿದ್ದರೆ ತಲೆಗೆ ಬರುತ್ತಿದ್ದದ್ದು ಚಿಲ್ಲರೆ, ಅದಕ್ಕಾಗಿ ಯಾರೂ ಅರ್ಧ ಗಂಟೆ ಮುಂಚೆ ಏಳುವುದಿಲ್ಲ. ಕೆಲವರಿಗೆ ಕೈತುಂಬ ಸಿಗುವ ಸಾಧ್ಯತೆ ಹಲವರನ್ನು ಎಬ್ಬಿಸಿತು. ಮುಂಚೆ ಬರುವವರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ರಸ್ತೆ ಅಗಲ ಮಾಡಲಿಲ್ಲ, ಮೇಲ್ಸೇತುವೆ ಕಟ್ಟಲಿಲ್ಲ.

ಇಂಥ ಫಲಿತಾಂಶ ನೋಡಿ ಎಲ್ಲದಕ್ಕೂ ಅಂಕ, ಬ್ಯಾಡ್ಜ್, ಪಟ್ಟಿ ಅಂಟಿಸುವ ಚಟ ಹತ್ತಿಕೊಂಡಿದೆ. ಶಾಲೆಗಳಲ್ಲಿ ಇದು ನನಗೆ ದಿಗಿಲು ಹುಟ್ಟಿಸುತ್ತದೆ. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಮಾಡಿದ ಪ್ರಯೋಗವನ್ನು ಪ್ರತಿ ಶಿಕ್ಷಕರೂ ತಿಳಿದಿರಬೇಕು. ತಾವಾಗಿಯೇ ಖುಷಿಯಿಂದ ಚಿತ್ರ ಬಿಡಿಸುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೊಟ್ಟರು ಕೂಡ. ಕೆಲ ದಿನಗಳ ನಂತರ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಹೊತ್ತು ಬಣ್ಣದ ಪೆನ್ನು ಮುಟ್ಟಿದರು. ಬಹುಮಾನ ಬಂದು ಒಳಗಿನ ಆಸೆಯನ್ನು ಹೊರಗೆ ತಳ್ಳಿತ್ತು.

ಅಂಕ ಇದ್ದೂ ಕಲಿಕೆ ಉಳಿಯುವುದು ಯಾವಾಗ? ಅಂಕವೇ ವಿಷಯದ ಒಳಗಿನಿಂದ ಬಂದಾಗ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ‘ಫೋಲ್ಡಿಟ್’ ಅಂಥದ್ದು. ಪರದೆಯ ಮೇಲೆ ಒಂದು ಪ್ರೋಟೀನ್ ಸರಪಳಿ ಇರುತ್ತದೆ. ಅದನ್ನು ತಿರುಚಿ, ಮಡಿಚಿ, ಒತ್ತಾಗಿ ಕೂರಿಸಬೇಕು. ನಿಸರ್ಗದಲ್ಲಿ ಅದು ನೆಮ್ಮದಿಯಾಗಿ ನಿಲ್ಲಬಲ್ಲ ಆಕಾರಕ್ಕೆ ಹತ್ತಿರವಾದಷ್ಟೂ ಅಂಕ ಹೆಚ್ಚು. ಹೆಚ್ಚು ಅಂಕ ಬೇಕೆನ್ನುವವರು ರಸಾಯನಶಾಸ್ತ್ರ ಕಲಿಯದೆ ವಿಧಿಯಿಲ್ಲ, ಕಲಿಯುತ್ತಿದ್ದೇವೆ ಎಂಬ ಅರಿವೂ ಅವರಿಗಿರುವುದಿಲ್ಲ. ಮಂಗಗಳಲ್ಲಿ ಏಡ್ಸ್ ರೀತಿಯ ರೋಗ ತರುವ ವೈರಸ್‌ವೊಂದರ ಕಿಣ್ವದ ರಚನೆ ವಿಜ್ಞಾನಿಗಳಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಗಟಾಗಿತ್ತು. 2011ರಲ್ಲಿ ಈ ಆಟಗಾರರು ಮೂರೇ ವಾರದಲ್ಲಿ ಅದಕ್ಕೆ ದಾರಿ ತೋರಿಸಿದರು.

ಕರ್ನಾಟಕದ ಮಟ್ಟಿಗೆ ಈ ಕಸುಬು ಹೊರಗಿನಿಂದ ಬಂದದ್ದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಸ್ವತಃ ಆಟ ಕಟ್ಟುತ್ತಿದ್ದವರು. ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಮ್ಮೆ ಮಾತ್ರ ನಡೆಸುವ ಬಂಧಗಳನ್ನು ರಚಿಸಿದರು, ಗಂಜೀಫಾ ಎಲೆಗಳಿಗೆ ಹೊಸ ಆಟಗಳನ್ನು ಹೊಂದಿಸಿದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಬರುವ ದೇವೀಸಾಯುಜ್ಯ ಎಂಬ ಆಟದಲ್ಲಿ ಕಾಯಿ ನಡೆಯುತ್ತ ನಡೆಯುತ್ತ ದೇವಿಯ ಸನ್ನಿಧಿ ಸೇರಬೇಕು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಪಗಡೆ, ಅಳಗುಳಿಮಣೆ, ಆಡು ಹುಲಿಯಾಟಗಳ ಹಾಸು, ಹಲಗೆಗಳನ್ನು ಮತ್ತೆ ಮನೆಗಳಿಗೆ ತಲುಪಿಸುತ್ತಿದೆ. ಬೆಂಗಳೂರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡಿಜಿಟಲ್ ಗೇಮ್ ಡಿಸೈನ್‌ಗೆ ಸ್ನಾತಕೋತ್ತರ ಪದವಿಯೇ ಇದೆ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ರಾಜ್ಯ ಸರ್ಕಾರ 2012ರಷ್ಟು ಹಿಂದೆಯೇ ನೀತಿ ರೂಪಿಸಿತು. ಆದರೆ ನೀತಿಯ ಚರ್ಚೆಯಲ್ಲಿ ಕೇಳಿಬರುವುದು ಬಹುಪಾಲು ಚಿತ್ರ, ಸಾಫ್ಟ್‌ವೇರ್, ಉದ್ಯೋಗದ ಮಾತು. ನಿಯಮ ಬರೆಯುವುದನ್ನು ಹೈಸ್ಕೂಲಿನಲ್ಲೇ, ಕಾಗದ ಮತ್ತು ಹುಣಸೆಬೀಜದಲ್ಲೇ ಕಲಿಸಬಹುದು.

ಹಾಗೆ ಕಾಗದ, ಬಣ್ಣದ ತುಂಡುಗಳಿಂದ ಆದ ಒಂದು ಕೆಲಸ ನಮ್ಮ ಗಡಿಗೆ ತಾಕಿಕೊಂಡೇ ನಡೆದಿದೆ. ರಾಯಲಸೀಮೆಯ ಹಳ್ಳಿಗಳಲ್ಲಿ ಕಳೆದ ದಶಕದಲ್ಲಿ ಫೌಂಡೇಷನ್ ಫಾರ್ ಎಕಲಾಜಿಕಲ್ ಸೆಕ್ಯುರಿಟಿ ಸಂಸ್ಥೆ ಮತ್ತು ಆಹಾರ ನೀತಿಯ ಸಂಶೋಧಕರು ಸೇರಿ ರೈತರಿಗೆ ಅಂತರ್ಜಲದ ಆಟ ಆಡಿಸಿದರು. ಒಂದು ಸುತ್ತು ಎಂದರೆ ಒಂದು ವರ್ಷ. ಪ್ರತಿಯೊಬ್ಬರೂ ಬೆಳೆ ಆರಿಸಬೇಕು. ಒಂದು ಬೆಳೆ ಕಡಿಮೆ ನೀರು ಕುಡಿಯುತ್ತದೆ, ಕಡಿಮೆ ದುಡ್ಡು ಕೊಡುತ್ತದೆ. ಇನ್ನೊಂದಕ್ಕೆ ನೀರೂ ಹೆಚ್ಚು, ದುಡ್ಡೂ ಹೆಚ್ಚು. ಎಲ್ಲರ ಕೊಳವೆಬಾವಿಗೂ ನೆಲದಡಿಯ ನೀರು ಒಂದೇ. ಮಳೆ ಒಂದಿಷ್ಟು ತುಂಬಿಕೊಡುತ್ತದೆ, ಅದಕ್ಕಿಂತ ಹೆಚ್ಚು ಎತ್ತಿದರೆ ಮುಂದಿನ ಸುತ್ತಿಗೆ ಮಟ್ಟ ಇಳಿಯುತ್ತದೆ. ಮೊದಲ ಸುತ್ತುಗಳಲ್ಲಿ ಆಡುವವರು ತಮ್ಮೊಳಗೆ ಮಾತಾಡುವಂತಿಲ್ಲ, ನಂತರದ ಸುತ್ತುಗಳಲ್ಲಿ ಮಾತಾಡಬಹುದು. ಆಟ ಮುಗಿದ ಮೇಲೆ ಊರವರೆಲ್ಲ ಕೂತು ಚರ್ಚೆ. ನೀರು ಖಾಲಿ ಮಾಡಿದವರು ಯಾರು ಎಂದು ಬೆರಳು ತೋರಿಸದೆ, ಖಾಲಿ ಆದದ್ದು ಹೇಗೆ ಎಂದು ಮಾತಾಡಲು ಆಟ ಒಂದು ನೆಪ ಕೊಟ್ಟಿತ್ತು. ಆಡದ ಊರುಗಳ ಜೊತೆ ಹೋಲಿಸಿದಾಗ, ಆಡಿದ ಊರುಗಳಲ್ಲಿ ನೀರಿನ ಲೆಕ್ಕದ ಪುಸ್ತಕ ಇಡುವುದೂ ಅಂತರ್ಜಲ ಬಳಕೆಗೆ ತಮ್ಮದೇ ಕಟ್ಟಳೆ ಮಾಡಿಕೊಳ್ಳುವುದೂ ಹೆಚ್ಚಿತ್ತು.

ಬಾಗೇಪಲ್ಲಿ, ಪಾವಗಡ, ಮುಳಬಾಗಿಲುಗಳ ಸಂಕಟವೂ ಇದೇ. ಕನ್ನಡದಲ್ಲಿ ಇಂಥದ್ದನ್ನು ಕಟ್ಟುವವರು ಮೊದಲು ಆ ತಾಲ್ಲೂಕಿನ ರೈತರ ಜೊತೆ ಕೂತು ರಾಗಿ, ಟೊಮೆಟೊ, ಹಿಪ್ಪುನೇರಳೆಗೆ ಅಲ್ಲಿ ಎಷ್ಟು ನೀರು, ಎಷ್ಟು ಖರ್ಚು, ಎಷ್ಟು ಗಿಟ್ಟುತ್ತದೆ ಎಂದು ಬರೆದುಕೊಳ್ಳಬೇಕು. ಕೊಳವೆಬಾವಿಯ ಆಳ ಅಡಿಗಳಲ್ಲಿರಬೇಕು, ಸಾಲ ಆಟದೊಳಗೂ ಸಾಲವಾಗಿಯೇ ಇರಬೇಕು, ಹೆಂಗಸರು ಆಡುವ ಸುತ್ತು ಬೇರೆ ಇರಬೇಕು. ಆಡಿದಷ್ಟೇ ಹೊತ್ತನ್ನು ಆಮೇಲಿನ ಮಾತಿಗೂ ತೆಗೆದಿಡಬೇಕು.